100 ದಿನದ ನಡಿಗೆ, ಉಣುಗು, ಹೆಜ್ಜೇನು: ಹೊಸನಗರದ ತಂಗಿಗೆ ಉತ್ತರ

ತಂಗೀ, ನಿನ್ನ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಇವತ್ತು ನಮ್ಮಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗಾರರು ಬಂದಿದ್ದರು. ಅವರ ತಿಂಡಿ, ಊಟ, ಚಹಾ ಎಲ್ಲ ಮುಗಿದು ಈಗ ಕೂತಿದ್ದೇನೆ. ಉತ್ತರ ಉದ್ದ ಆಗುತ್ತೆ, ಬೈಕೋಬೇಡ.

ತಡವಾಗಿ ನೋಡುವವರಿಗೆ ವಿಷಯ ಇಷ್ಟು. ನಮ್ಮ ಗುಂಪಿನ 100 ದಿನದ ನಡಿಗೆಯಲ್ಲಿ ಈ ತಂಗಿ 37 ದಿನ ಒಂದೂ ತಪ್ಪಿಸದೆ 10,000 ಹೆಜ್ಜೆ ಮುಗಿಸಿದ್ದಾಳೆ. ಮೊನ್ನೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ದಾರಿಯಲ್ಲಿ ಹೋಗಿ ಬಂದಾಗ ಕಾಲಲ್ಲಿ ನಾಲ್ಕು ಉಣುಗು (ರಕ್ತ ಹೀರುವ ಉಣ್ಣೆ ಹುಳ) ಸಿಕ್ಕಿವೆ. ಅದೇ ದಾರಿಯ ಮರಕ್ಕೆ ಹೆಜ್ಜೇನು ಬೇರೆ ಕಟ್ಟಿದೆ. ಮನೆಯವರು ಸಾಕು ನಿಲ್ಲಿಸು ಅಂತಿದ್ದಾರೆ. ನಿನ್ನೆ ಹೆದರಿ ಹೊರಗೇ ಹೋಗಿಲ್ಲ. ಬಿಡೋದಾ, ಮುಂದುವರಿಸೋದಾ ಅನ್ನೋದು ಪ್ರಶ್ನೆ.

ನಡಿಗೆ ಬಿಡಬೇಡ. ಬೆಟ್ಟದ ದಾರಿ ಬಿಡು, ಮಳೆ ಸರಿಯಾಗಿ ಹಿಡಿಯುವ ತನಕ.

ಇದನ್ನು ಹೇಳೋಕೆ ನನಗೇನು ಅಧಿಕಾರ ಅಂದರೆ, ಹೋದ ವರ್ಷ ನಾನೂ ಇದೇ ಪೆದ್ದುತನ ಮಾಡಿದ್ದೆ. ಫೆಬ್ರವರಿ ತಿಂಗಳು. ಸಂಜೆ ಮೊಬೈಲ್ ನೋಡಿದರೆ ಇನ್ನೂ 1,800 ಹೆಜ್ಜೆ ಬಾಕಿ. ರಸ್ತೆಯಲ್ಲಿ ಹೋಗಿ ಬರುವಷ್ಟು ಹೊತ್ತಿಲ್ಲ ಅಂತ ಮನೆ ಹಿಂದಿನ ಬೆಟ್ಟ ಹತ್ತಿದೆ. ನೈಟಿ, ಹವಾಯಿ ಚಪ್ಪಲಿ. ದರಕು (ಉದುರಿದ ಒಣ ಎಲೆ) ಗುಡಿಸಿ ರಾಶಿ ಹಾಕಿದ್ದರು, ಅದರ ಮೇಲೆ ಎರಡು ನಿಮಿಷ ಕೂತು ದಣಿವಾರಿಸಿಕೊಂಡೆ ಕೂಡ! ರಾತ್ರಿ ಮಲಗುವಾಗ ಮಂಡಿ ಹಿಂದೆ ತುರಿಕೆ. ಟಾರ್ಚ್ ಹಿಡಿದು ನೋಡಿದರೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ. ಮಚ್ಚೆ ಅಂದುಕೊಂಡೆ. ಮಚ್ಚೆಗೆ ಕಾಲಿತ್ತು. ಹುಡುಕುತ್ತಾ ಹೋದರೆ ಲಂಗದ ಲಾಡಿ ಕಟ್ಟುವ ಕಡೆ ಇನ್ನೂ ಎರಡು. ಮಾರನೇ ದಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಎರಡು ವಾರಕ್ಕೆ ಪೆನ್ಸಿಲ್ ಗೆರೆ ಎಳೆದೆ. ದಿನಾ ಬೆಳಿಗ್ಗೆ ಜ್ವರ ನೋಡಿಕೊಂಡು ಒಂದೊಂದೇ ದಿನ ಹೊಡೆದುಹಾಕುವುದು. ಜ್ವರ ಬರಲಿಲ್ಲ. ಆದರೆ ಆ ಎರಡು ವಾರ ಯಾರಿಗೂ ಬೇಡ. 1,800 ಹೆಜ್ಜೆಗೆ!

ನಮ್ಮ ಕಡೆಯವರಿಗೆ ಉಣುಗು ಅಂದರೆ ಬರೀ ತುರಿಕೆ ಅಲ್ಲ ಅಂತ ಗೊತ್ತು. ಗುಂಪಿನಲ್ಲಿ ಬಯಲುಸೀಮೆಯವರೂ ಇದ್ದೀರಲ್ಲ, ನಿಮಗಾಗಿ ಹೇಳ್ತೀನಿ. ಉಣುಗು ಕಚ್ಚಿ ಬರುವ ಜ್ವರ ಮಂಗನ ಕಾಯಿಲೆ. ಅದು 1957ರಲ್ಲಿ ಮೊದಲು ಪತ್ತೆಯಾದದ್ದು ಇಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕೆ.ಎಫ್.ಡಿ. (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತ ಹೆಸರು ಬಂದದ್ದೂ ಅದರಿಂದಲೇ. ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರವರೆಗೆ ಈ ಕಾಯಿಲೆ ಹಬ್ಬಿ ಹಲವರು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ ಈಗ ನಿಂತಿದೆ. ಹಾಗಾಗಿ ಕಚ್ಚಿಸಿಕೊಳ್ಳದೆ ಇರೋದೇ ಸದ್ಯದ ಔಷಧಿ.

ಉಣುಗು ಹಾರಲ್ಲ, ನೆಗೆಯಲ್ಲ. ಹುಲ್ಲಿನ ತುದಿಯಲ್ಲೋ ದರಕಿನ ಮೇಲೋ ಮುಂಗಾಲು ಚಾಚಿಕೊಂಡು ಕೂತಿರುತ್ತೆ. ದನ, ನಾಯಿ, ನಮ್ಮ ಕಾಲು, ಯಾವುದು ತಾಗಿದರೂ ಹಿಡಿದುಕೊಳ್ಳುತ್ತೆ. ಅದಕ್ಕೆ ಗೊತ್ತಿರುವ ವಿದ್ಯೆ ಅಷ್ಟೇ. (ಹುಳ ಅಂತೀವಿ, ಆದರೆ ಅದು ಎಂಟು ಕಾಲಿನ ಪ್ರಾಣಿ, ಜೇಡ ಚೇಳುಗಳ ನೆಂಟ.) ನಮಗೆ ಜಾಸ್ತಿ ಕಚ್ಚೋದು ದನದ ಮೈಯಲ್ಲಿ ಕಾಣುವ ದೊಡ್ಡ ಉಣುಗಲ್ಲ, ಅದರ ಮರಿ. ಡಿಸೆಂಬರಿನಿಂದ ಮೇ ತನಕ ಆ ಮರಿಗಳ ಸುಗ್ಗಿ. ನಮ್ಮ ಕೊಯ್ಲು, ದರಕು ಗುಡಿಸೋದು, ಸೊಪ್ಪು ತರೋದು ಎಲ್ಲ ಅದೇ ಹೊತ್ತಿಗೆ. ನಡಿಗೆ ಸವಾಲನ್ನೂ ನಾವು ಅದೇ ಹೊತ್ತಿಗೆ ಶುರು ಮಾಡಿದ್ದೀವಿ, ನಮ್ಮ ಬುದ್ಧಿಗೆ ಏನು ಹೇಳೋದು.

ಅಂದರೆ ಕಾಲಿಗೆ ಏನೂ ತಾಗದ ಕಡೆ ನಡೆದರೆ ಮುಕ್ಕಾಲು ಪಾಲು ಗೆದ್ದ ಹಾಗೆ. ಡಾಂಬರು ರಸ್ತೆಯ ಮೇಲೆ ನಡಿ, ಅಂಚಿನ ಹುಲ್ಲಿಗೆ ಇಳಿಯಬೇಡ. ಗಾಡಿ ಬಂದರೆ ನಿಂತು ದಾರಿ ಕೊಡು. ದನ ಮಲಗುವ ಜಾಗ, ದರಕಿನ ರಾಶಿ ಇವುಗಳ ಹತ್ತಿರ ಕೂರಲೇಬೇಡ. ದನಕ್ಕೆ ಈ ಕಾಯಿಲೆ ಬರಲ್ಲ, ಆದರೆ ಕಾಡಿನ ಉಣುಗನ್ನು ಮನೆ ಬಾಗಿಲಿಗೆ ತಂದುಬಿಡೋದು ಅದೇ. ದಾರಿಯಲ್ಲಿ ಸತ್ತ ಮಂಗ, ಮುಸಿಯ ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯೋದು ಬೇಡ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಇಳಿದಿರುತ್ತೆ. ಬಂದ ದಾರಿಯಲ್ಲೇ ತಿರುಗಿ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಫೋನ್ ಮಾಡು. ಮುಂದಿನ ಕೆಲಸ ಅವರದು.

ಬಟ್ಟೆ ವಿಷಯ. ಈಗ ನಾನು ಮಗನ ಹಳೇ ಕ್ರಿಕೆಟ್ ಪ್ಯಾಂಟು ಹಾಕ್ತೀನಿ. ಬಿಳಿ ಬಣ್ಣ, ಹತ್ತಿದ ಉಣುಗು ಕೂಡಲೇ ಕಾಣುತ್ತೆ. ಪ್ಯಾಂಟಿನ ತುದಿ ಉದ್ದ ಸಾಕ್ಸಿನ ಒಳಗೆ, ಅದರ ಮೇಲೆ ಕ್ಯಾನ್ವಾಸ್ ಶೂ. ಮೇಲಿಂದ ನೈಟಿ ಬೇಕಾದರೂ ಇರಲಿ. ಮೊದಲ ವಾರ ನಮ್ಮನೆಯವರು ಸರ್ಕಸ್ ಕಂಪನಿ ಬಂತು ಅಂತ ನಗುತ್ತಿದ್ದರು. ಈಗ ಅವರೂ ಸಾಕ್ಸ್ ಹುಡುಕ್ತಾರೆ. ಉಣುಗು ಹತ್ತದ ಹಾಗೆ ಆಶಾದವರು ಕೊಡುವ ಡೆಪಾ ಎಣ್ಣೆ ಇದ್ದರೆ ಹೊರಡುವ ಮೊದಲು ಕೈಕಾಲಿಗೆ ಸವರಿಕೋ. ಮುಖಕ್ಕೆ, ಗಾಯಕ್ಕೆ ಬೇಡ. ಬಂದ ಮೇಲೆ ಸೋಪು ಹಾಕಿ ತೊಳಿ. ಎಣ್ಣೆ ಹಚ್ಚಿದೆ ಅಂತ ಹಳುವಿಗೆ ನುಗ್ಗೋದು ಬೇಡ ಮತ್ತೆ.

ಎಲ್ಲಕ್ಕಿಂತ ಮುಖ್ಯ ಮನೆಗೆ ಬಂದ ಮೇಲಿನ ಹತ್ತು ನಿಮಿಷ. ಚಾವಡಿಯಲ್ಲಿ ಕೂತು ನೀರು ಕುಡಿದು ಮೊಬೈಲಿನಲ್ಲಿ ಹೆಜ್ಜೆ ಲೆಕ್ಕ ನೋಡೋದು ಆಮೇಲೆ. ಸೀದಾ ಬಚ್ಚಲಿಗೆ ಹೋಗು. ಹಾಕಿದ್ದ ಬಟ್ಟೆ ಬಕೆಟ್ಟಿಗೆ, ಅದರ ಮೇಲೆ ಹಂಡೆಯ ಕುದಿಯುವ ನೀರು. ತಣ್ಣೀರಲ್ಲಿ ನೆನೆಸಿದರೆ ಉಣುಗಿಗೆ ಏನೂ ಆಗಲ್ಲ, ಬದುಕಿಕೊಂಡೇ ಇರುತ್ತೆ. ಮೀಯುವಾಗ ಮಂಡಿ ಹಿಂದೆ, ತೊಡೆ ಸಂದು, ಹೊಟ್ಟೆಯ ಲಾಡಿ ಗುರುತು, ಕಂಕುಳು, ಕಿವಿ ಹಿಂದೆ, ತಲೆಯ ಅಂಚು ಎಲ್ಲ ಬೆರಳಾಡಿಸಿ ನೋಡು. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತೆ. ತೀರಾ ಸಣ್ಣ ಮರಿಗಳು ಧೂಳು ಮೆತ್ತಿದ ಹಾಗೆ ಒಂದೇ ಕಡೆ ಹತ್ತಿದ್ದರೆ ಪಾರ್ಸೆಲ್ ಕಟ್ಟುವ ಅಗಲದ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಅಂಗೈಗೆ ಸುತ್ತಿಕೊಂಡು ಒತ್ತು. ಅಷ್ಟೂ ಎದ್ದು ಬರುತ್ತವೆ. ಕಂಬಳಿಹುಳದ ರೋಮ ತೆಗೆಯೋಕೂ ಇದೇ ಟೇಪು.

ಮೇಲೆ ಒಬ್ಬರು ಅಣ್ಣ ಸೀಮೆಎಣ್ಣೆ ಬಿಡಿ, ಇಲ್ಲ ಬೆಂಕಿಕಡ್ಡಿ ತಾಗಿಸಿ, ಉಣುಗು ತಾನೇ ಬಿಡುತ್ತೆ ಅಂದಿದ್ದಾರೆ. ಅಣ್ಣಾ, ಬೇಸರ ಮಾಡ್ಕೋಬೇಡಿ, ಅದು ಬೇಡ. ಅದರಿಂದ ಚರ್ಮ ಸುಡುತ್ತೆ. ಉಣುಗಿಗೆ ತೊಂದರೆ ಕೊಟ್ಟಷ್ಟೂ ಅದರ ಹೊಟ್ಟೆಯಲ್ಲಿರೋದು ನಮ್ಮ ಮೈಗೆ ಇಳಿಯಬಹುದು. ಚೂಪು ಮೂತಿಯ ಚಿಮುಟ ತಗೊಂಡು ಚರ್ಮಕ್ಕೆ ತಾಗುವಷ್ಟು ಹತ್ತಿರ ಅದರ ಬಾಯಿ ಭಾಗವನ್ನೇ ಹಿಡಿದು, ತಿರುಚದೆ ನಿಧಾನ ನೇರ ಎಳೆಯಬೇಕು. ಉಗುರಲ್ಲಿ ಕುಟ್ಟಿ ಸಾಯಿಸಬಾರದು. ಆಮೇಲೆ ಜಾಗಕ್ಕೆ, ಕೈಗೆ ಸೋಪು ನೀರು.

ತಂಗೀ, ನೀನೂ ಕ್ಯಾಲೆಂಡರಿಗೆ ಗೆರೆ ಎಳೆದುಕೋ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತೆ, ಎರಡು ವಾರ ನೋಡಿದರೆ ಒಳ್ಳೇದು. ಒಮ್ಮೆಗೇ ಜ್ವರ, ತಲೆನೋವು, ಸೊಂಟ ಕಾಲು ಮುರಿದ ಹಾಗೆ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡ. ಸರ್ಕಾರಿ ಆಸ್ಪತ್ರೆಗೆ ಹೋಗಿ 'ಉಣುಗು ಕಚ್ಚಿದೆ, ಬೆಟ್ಟಕ್ಕೆ ಹೋಗಿದ್ದೆ' ಅಂತ ನೀನೇ ಮೊದಲು ಹೇಳು. ಅವರು ಕೇಳಲಿ ಅಂತ ಕಾಯಬೇಡ. ರಕ್ತ ಪರೀಕ್ಷೆ ಮಾಡಿಸ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಆಗಬಹುದು. ಆಸ್ಪಿರಿನ್, ಐಬುಪ್ರೊಫೆನ್ ಥರದ್ದು ಬೇಡವೇ ಬೇಡ, ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗೋದುಂಟು. ಒಬ್ಬರಿಂದ ಒಬ್ಬರಿಗೆ ಹರಡಲ್ಲ, ಹಾಗಾಗಿ ಮನೆಯವರು ನಿನ್ನ ಲೋಟ ಬೇರೆ ಇಡುವ ಅಗತ್ಯ ಇಲ್ಲ. ಉಣುಗು ಹತ್ತಿದವರಿಗೆಲ್ಲ ಕಾಯಿಲೆ ಬರುತ್ತೆ ಅಂತಲೂ ಇಲ್ಲ. ಸುಮ್ನೆ ಹೆದರಿ ಕೂರಬೇಡ.

ಇನ್ನು ಹೆಜ್ಜೇನು. ಅದಕ್ಕೆ ಹೊಗೆ ಹಾಕಿ ಓಡಿಸಿ ಅಂತ ಬರೆದವರು ದಯವಿಟ್ಟು ಆ ಸಾಲು ಅಳಿಸಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಅಂದಾಜಿನಲ್ಲಿ ಹೆಜ್ಜೇನಿನ ಹತ್ತಿರ ಹೋಗೋದು ದಾರಿಯಲ್ಲಿ ಹೋಗೋರಿಗೆಲ್ಲ ಆಪತ್ತು. ಅದರ ಪಾಡಿಗೆ ಬಿಟ್ಟರೆ ಮಳೆಗೆ ಮೊದಲು ಸಾಮಾನ್ಯವಾಗಿ ಅದೇ ಎದ್ದು ಹೋಗುತ್ತೆ. ಅಲ್ಲೀ ತನಕ ಆ ಮರದ ಕಡೆ ಹೋಗಬಾರದು, ಅಷ್ಟೇ.

ಎರಡು ವರ್ಷದ ಹಿಂದೆ ನಾವು ಐದು ಜನ ನಡೆಯುತ್ತಿದ್ದಾಗ ಗಿಡುಗ ಬಂದು ಹೆಜ್ಜೇನಿನ ಹುಟ್ಟಿಗೆ ಹೊಡೆಯಿತು. ಗಿಡುಗ ಹಾರಿಹೋಯ್ತು, ಕೆಳಗೆ ಸಿಕ್ಕವರು ನಾವು. ನಾಲ್ಕು ಜನ ಸೆರಗು, ಟವಲು ತಲೆ ಮುಖಕ್ಕೆ ಎಳೆದುಕೊಂಡು ಹತ್ತಿರದ ಮನೆಗೆ ನುಗ್ಗಿ ಬಾಗಿಲು ಹಾಕಿದೆವು. ಒಬ್ಬರು ಅಲ್ಲೇ ನಿಂತು ಟವಲು ಬೀಸಿದರು. ನಮಗೆಲ್ಲ ಸೇರಿ ಏಳೆಂಟು ಮುಳ್ಳು, ಅವರೊಬ್ಬರಿಗೇ ಇಪ್ಪತ್ತಕ್ಕೂ ಜಾಸ್ತಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಬೇಕಾಯ್ತು. ಜೇನು ಚುಚ್ಚಿದ ಕಡೆ ಮೂಗಿಟ್ಟು ನೋಡಿದರೆ ಕಳಿತ ಬಾಳೆಹಣ್ಣಿನ ವಾಸನೆ ಬರುತ್ತೆ. ಉಳಿದ ಜೇನಿಗೆ 'ಇಲ್ಲಿದ್ದಾನೆ ಬನ್ನಿ' ಅಂತ ಕರೆಯೋ ವಾಸನೆ ಅದು. ಅದಕ್ಕೇ ಮೊದಲು ಓಟ, ಆಮೇಲೆ ಮುಳ್ಳು ತೆಗೆಯೋದು. ಕೆರೆಗೆ ಹಾರಬೇಡ, ಮೇಲೆ ಕಾಯ್ತಾ ಇರ್ತವೆ. ಮನೆ, ಕಾರು ಏನಾದರೂ ಬಾಗಿಲು ಮುಚ್ಚುವಂಥದ್ದು ಬೇಕು. ಒಳಗೆ ಹೋದ ಮೇಲೆ ಮುಳ್ಳನ್ನು ಉಗುರಲ್ಲೇ ಕೆರೆದು ತೆಗಿ. ಚುಚ್ಚಿದ ಮೇಲೂ ಅದು ವಿಷ ಇಳಿಸುತ್ತಲೇ ಇರುತ್ತೆ, ಹೇಗೆ ತೆಗೆದೆ ಅನ್ನೋದಕ್ಕಿಂತ ಎಷ್ಟು ಬೇಗ ತೆಗೆದೆ ಅನ್ನೋದೇ ಲೆಕ್ಕ. ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ಮೈಯೆಲ್ಲ ದದ್ದು, ತಲೆ ಸುತ್ತು ಏನೇ ಕಂಡರೂ ಒಂದೇ ಮುಳ್ಳಾದರೂ ಆಸ್ಪತ್ರೆಗೆ ಓಡಬೇಕು. ಮುಳ್ಳು ತುಂಬ ಇದ್ದರೂ ಅಷ್ಟೇ.

ಹಾಗಾದರೆ 10,000 ಹೆಜ್ಜೆ ಎಲ್ಲಿ ಮಾಡೋದು ಅಂತೀಯ. ಆ ಸಂಖ್ಯೆಯನ್ನು ಡಾಕ್ಟರ್‌ಗಳು ಕೂತು ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಸಾಧನ ಮಾರಾಟಕ್ಕೆ ಬಂತು. 'ಮಾನ್ಪೊ-ಕೆ' ಅಂತ ಹೆಸರು, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಅದೇ ಸಂಖ್ಯೆ ಎಲ್ಲರ ಬಾಯಿಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಆದರೂ ಸಾಕು.

ನಮ್ಮ ಅಂಗಳ 60 ಅಡಿ ಉದ್ದ. ನನ್ನ ಹೆಜ್ಜೆ ಸುಮಾರು ಎರಡು ಅಡಿ. ಒಮ್ಮೆ ಹೋಗಿ ಬಂದರೆ 60 ಹೆಜ್ಜೆ, 50 ಸಲಕ್ಕೆ 3,000. ಚುರುಕಾಗಿ ನಡೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಲೆಕ್ಕ ತಪ್ಪದ ಹಾಗೆ ಒಂದು ಬಟ್ಟಲಲ್ಲಿ 50 ಗೋಟಡಿಕೆ ಇಟ್ಟುಕೊಂಡು, ಪ್ರತಿ ಸಲ ಒಂದನ್ನು ಇನ್ನೊಂದು ಬಟ್ಟಲಿಗೆ ಹಾಕ್ತೀನಿ. ಈಗ ಅಂಗಳದ ತುಂಬ ಅಡಿಕೆ ಹರಗಿರುತ್ತೆ ಅಂತ ಗೊತ್ತು. ಒಂದು ಬದಿ ಮೂರು ಅಡಿ ದಾರಿ ಬಿಟ್ಟು ಹರಗಲು ಹೇಳು, ಜಗಳ ಮಾಡಿಯಾದರೂ. ಅಂಗಳದ ಸುತ್ತ ಹುಲ್ಲು ಸವರಿಸು, ಕೋಳಿ ನಾಯಿ ದನ ಆ ಪಟ್ಟಿಗೆ ಬರದ ಹಾಗೆ ನೋಡಿಕೋ.

ಅಡಿಕೆ ಸುಲಿಯೋ ದಿನಗಳಲ್ಲಿ ಇನ್ನೊಂದು ಮಾಡಬಹುದು. ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳಲ್ಲ ನಾವು. ಒಂದು ಡಬ್ಬ ತುಂಬಿದ ಕೂಡಲೇ ಎದ್ದು ಹತ್ತು ಬಸ್ಕಿ, ಜಗಲಿ ಮೆಟ್ಟಿಲು ಹತ್ತು ಸಲ ಹತ್ತಿ ಇಳಿಯೋದು. ಹೋದ ವಾರ ಸುಲಿಯೋಕೆ ಬಂದ ಹೆಂಗಸರೂ ಸೇರಿಕೊಂಡರು. ನಗು ಜಾಸ್ತಿ, ಬಸ್ಕಿ ಕಮ್ಮಿ, ಇರಲಿ. ಸೂರ್ಯನಮಸ್ಕಾರ ಬರುವವರು ರಥಸಪ್ತಮಿಗೆ 108 ಹಾಕೋಣ ಅಂತಿದ್ದಾರೆ. ಇವತ್ತಿಂದ ದಿನಕ್ಕೆ 12ರಂತೆ ಶುರು ಮಾಡಿದರೆ ಆ ದಿನ ಸೊಂಟ ಉಳಿಯುತ್ತೆ.

ಮಳೆಗಾಲದ ಮಾತು ಈಗ ಬೇಡ. ಇಂಬಳ (ಜಿಗಣೆ) ರಕ್ತ ಕುಡಿದು ಬೀಳುತ್ತೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಡೆಂಗಿ ಸೊಳ್ಳೆಗೆ, ಅದು ಕಚ್ಚೋದು ಹಗಲಲ್ಲಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಸಾಕು ಅದು ಮರಿ ಮಾಡೋಕೆ. ಜೂನಿನಿಂದ ಬಗ್ಗಿ ಬಗ್ಗಿ ಹಾಳೆ ಮಗುಚೋದನ್ನೇ ವ್ಯಾಯಾಮ ಅಂತ ಬರೆಸಿದರಾಯ್ತು.

ಗುಂಪು ನಡೆಸುವವರಿಗೆ ಎರಡು ಮಾತು. ಮೇ ಮುಗಿಯುವ ತನಕ ಮಲೆನಾಡಿನವರಿಗೆ ಹೆಜ್ಜೆ ಬದಲು ನಿಮಿಷದ ಲೆಕ್ಕ ಮಾಡಿ. ದಿನಕ್ಕೆ 30 ನಿಮಿಷ, ಎಲ್ಲಿ ಬೇಕಾದರೂ, ಏನು ಬೇಕಾದರೂ. ಮತ್ತೆ ಹೊರಗೆ ನಡೆದು ಬಂದವರು ಹೆಜ್ಜೆಯ ಫೋಟೊ ಹಾಕಿದರೆ ಸಾಲದು, 'ಮಿಂದಾಯ್ತು' ಅಂತಲೂ ಬರೆಯಬೇಕು. ಬರೆಯದವರ ದಿನ ಲೆಕ್ಕಕ್ಕಿಲ್ಲ. ನಮ್ಮೂರ ಐದು ಜನ ಇದನ್ನು ಆಗಲೇ ಶುರು ಮಾಡಿದ್ದೀವಿ. ಮೊದಮೊದಲು ನಾಚಿಕೆ, ಈಗ ರಾತ್ರಿ ಎಂಟರೊಳಗೆ ಸಾಲಾಗಿ ಬರುತ್ತೆ.

ತಂಗೀ, ನಿನ್ನೆ ಮನೆಯೊಳಗೆ ಏನೂ ಕೆಲಸ ಮಾಡದೆ ಕೂತಿದ್ದೆಯಾ? ಇಲ್ಲ ತಾನೆ. ನೀರು ಹೊತ್ತದ್ದು, ಕೊಟ್ಟಿಗೆ ಗುಡಿಸಿದ್ದು ಸೇರಿಸಿದರೆ 30 ನಿಮಿಷ ಆಗಿಯೇ ಇರುತ್ತೆ. 38ನೇ ದಿನ ಆಯ್ತು ಅಂತ ಪಟ್ಟಿಯಲ್ಲಿ ನಾನು ಬರೆದಿದ್ದೇನೆ, ಯಾರಾದರೂ ತಕರಾರು ಮಾಡಿದರೆ ನನ್ನ ಹತ್ತಿರ ಕಳಿಸು. ನಾಳೆ ನಿಮ್ಮ ಅಂಗಳ ಅಳೆದು ಎಷ್ಟು ಅಡಿ ಅಂತ ಇಲ್ಲಿ ಹಾಕು, ಎಷ್ಟು ಸುತ್ತು ಅಂತ ಲೆಕ್ಕ ಮಾಡಿ ಕೊಡ್ತೀನಿ.