ಹೆಣ್ಣಿಲಿಗೆ ಬೇಗ ಮರೆವೇ? ಸೆಕೆಂಡು ಬಿಟ್ಟು ಈಜಿದ ದೂರ ಅಳೆಯಿರಿ

ಪ್ರಶ್ನೆ: ಮಾರಿಸ್ ವಾಟರ್ ಮೇಜ್‌ನಲ್ಲಿ (ನೀರಿನ ತೊಟ್ಟಿಯಲ್ಲಿ ಈಜಿಸಿ ಜಾಗದ ನೆನಪು ಅಳೆಯುವ ಪರೀಕ್ಷೆ) ನಮ್ಮ 18 ತಿಂಗಳ ಹೆಣ್ಣಿಲಿಗಳು ಮುಳುಗಿದ ಪ್ಲಾಟ್‌ಫಾರ್ಮ್ ಹುಡುಕಲು ಅದೇ ವಯಸ್ಸಿನ ಗಂಡುಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡವು. ತಳಿ ಸಿ57ಬಿಎಲ್/6 ಎಂಬ ಪ್ರಯೋಗಾಲಯದ ಇಲಿ. ಹೆಣ್ಣಿನಲ್ಲಿ ನೆನಪು ಬೇಗ ಕುಂದುತ್ತದೆ ಎಂದು ಬರೆಯಬಹುದೇ?
— ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಬರೀ ಸೆಕೆಂಡು ಲೆಕ್ಕ ನಂಬಿ ಬರೆಯಬೇಡಿ. ನಿಮ್ಮ ಊಹೆ ನಿಜವಿರಬಹುದು. 2000ರಲ್ಲಿ ಸಂಶೋಧಕಿ ಕ್ಯಾರಿನ್ ಫ್ರಿಕ್ ಮತ್ತು ಸಂಗಡಿಗರು ಇದೇ ತಳಿಯನ್ನು ಪರೀಕ್ಷಿಸಿದಾಗ ಹೆಣ್ಣುಗಳು 17 ತಿಂಗಳಿಗೇ ತಡವರಿಸಿದವು. ಗಂಡುಗಳಲ್ಲಿ ಅದು ಕಂಡದ್ದು 25 ತಿಂಗಳಿಗೆ. ಆದರೆ ಮುದಿ ಇಲಿ ನಿಧಾನವಾಗಿ ಈಜುತ್ತದೆ, ಕೆಲವು ಸುಮ್ಮನೆ ತೇಲುತ್ತವೆ, ಕೆಲವು ಗೋಡೆ ಬಿಟ್ಟು ಬರುವುದಿಲ್ಲ. ಸ್ಟಾಪ್‌ವಾಚ್ ಪಾಲಿಗೆ ಇವೆಲ್ಲವೂ ಮರೆವೇ.

ವಿಡಿಯೊ ಉಳಿದಿದ್ದರೆ ಮೊದಲು ಈಜಿದ ದೂರ, ವೇಗ ಎರಡನ್ನೂ ತೆಗೆಯಿರಿ. ದೂರ ಒಂದೇ ಇದ್ದು ವೇಗ ಮಾತ್ರ ಕಡಿಮೆಯಾಗಿದ್ದರೆ ಅದು ಮೈಕೈ ದಣಿವು. ಆಮೇಲೆ ಪ್ಲಾಟ್‌ಫಾರ್ಮ್‌ಗೆ ಬಾವುಟ ನೆಟ್ಟು ಮತ್ತೆ ಈಜಿಸಿ: ಕಣ್ಣಿಗೆ ಕಾಣುವ ಗುರಿಯನ್ನೂ ತಲುಪದ ಇಲಿಯ ಅಂಕಿಯನ್ನು ನೆನಪಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಪ್ಲಾಟ್‌ಫಾರ್ಮ್ ತೆಗೆದು 60 ಸೆಕೆಂಡು ಬಿಟ್ಟಾಗ ಅದು ಇದ್ದ ತೊಟ್ಟಿಯ ಕಾಲುಭಾಗದಲ್ಲೇ ಇಲಿ ಎಷ್ಟು ಹೊತ್ತು ಹುಡುಕಿತು ನೋಡಿ. ಒಟ್ಟು ಹೊತ್ತಿನ ಶೇ 25ರ ಆಸುಪಾಸು, ಅಂದರೆ ಗೊತ್ತುಗುರಿಯಿಲ್ಲದೆ ಈಜಿದರೂ ಸಿಗುವಷ್ಟೇ ಎಂದರೆ ಜಾಗ ನೆನಪಿಲ್ಲ ಎಂದರ್ಥ. ನೀರು 22–24 ಡಿಗ್ರಿ ಇರಲಿ. ಪ್ರತಿ ಸುತ್ತಿನ ನಂತರ ಒರೆಸಿ ದೀಪದಡಿ ಬೆಚ್ಚಗೆ ಕೂರಿಸದಿದ್ದರೆ ಮುದಿ ಇಲಿಯ ಮೈ ತಣ್ಣಗಾಗಿ ಮುಂದಿನ ಸುತ್ತುಗಳು ಕೆಡುತ್ತವೆ.

ಹೆಣ್ಣುಗಳ ಋತುಚಕ್ರವನ್ನು (ಅದರ ಹಾರ್ಮೋನುಗಳು ನೆನಪಿಗೂ ತಾಗಬಹುದು) ನೀವು ದಾಖಲಿಸಿಲ್ಲವೆಂದು ತೋರುತ್ತದೆ, ನನಗೆ ದೊಡ್ಡ ಕೊರತೆ ಕಾಣುವುದು ಇಲ್ಲೇ. ಎಳೆಯ ಇಲಿಗೆ ಚಕ್ರ 4–5 ದಿನ. ವರ್ಷ ದಾಟಿದ ಮೇಲೆ ಅದು ಏರುಪೇರಾಗಿ ನಿಲ್ಲುತ್ತದೆ, ಆದರೆ ಎಲ್ಲ ಇಲಿಗೂ ಒಂದೇ ತಿಂಗಳಲ್ಲಿ ಅಲ್ಲ. ಎರಡು ವಾರ, ದಿನಾ ಅದೇ ಹೊತ್ತಿಗೆ, ಪಿಪೆಟ್ ತುದಿಯಲ್ಲಿ ಸಲೈನ್ (ಉಪ್ಪುನೀರಿನ ದ್ರಾವಣ) ಹನಿಯಿಟ್ಟು ಯೋನಿಯ ಬಾಯಿಂದ ಸ್ಮಿಯರ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಜೀವಕೋಶಗಳ ಮಾದರಿ, ತೆಗೆಯಿರಿ. ಪಿಪೆಟ್ ಒಳಗೆ ತೂರಿಸಬೇಡಿ. ಕೋಶಕೇಂದ್ರವಿಲ್ಲದ ಚಪ್ಪಟೆ ಜೀವಕೋಶಗಳು ತುಂಬಿದ್ದರೆ ಈಸ್ಟ್ರಸ್ (ಬೆದೆಯ ಹಂತ), ಬಿಳಿ ರಕ್ತಕಣಗಳು ತುಂಬಿದ್ದರೆ ಡೈಈಸ್ಟ್ರಸ್ (ಬೆದೆಗಳ ನಡುವಿನ ಹಂತ). ಗಂಡುಗಳನ್ನೂ ಅಷ್ಟೇ ಹೊತ್ತು ಕೈಯಲ್ಲಿ ಹಿಡಿಯಿರಿ, ಇಲ್ಲವಾದರೆ ಹಿಡಿತದ ಅಭ್ಯಾಸವೇ ಲಿಂಗಭೇದವಾಗಿ ಕಾಣುತ್ತದೆ. ಇಲಿಯ ಚಕ್ರ ನಿಲ್ಲುವುದನ್ನು ಹೆಂಗಸರ ಮುಟ್ಟು ನಿಲ್ಲುವುದಕ್ಕೆ ನೇರವಾಗಿ ಹೋಲಿಸಬೇಡಿ: ಚಕ್ರ ನಿಂತ ಮೇಲೂ ಹಲವು ಇಲಿಗಳ ಅಂಡಾಶಯ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ.

ಕೊನೆಗೆ, ವಯಸ್ಸಿನ ಪರಿಣಾಮದ ಪಿ ಮೌಲ್ಯ (ನಿಜವಾದ ಪರಿಣಾಮವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಹೆಣ್ಣಿನಲ್ಲಿ 0.05ಕ್ಕಿಂತ ಕಡಿಮೆ, ಗಂಡಿನಲ್ಲಿ ಹೆಚ್ಚು ಎಂಬುದು ಲಿಂಗಭೇದಕ್ಕೆ ಪುರಾವೆಯಲ್ಲ. ಎರಡೂ ಲಿಂಗದ ಎಳೆಯ ಗುಂಪನ್ನು ಸೇರಿಸಿ, ಲಿಂಗ ಮತ್ತು ವಯಸ್ಸಿನ ಇಂಟರಾಕ್ಷನ್ ಅನ್ನೇ, ಅಂದರೆ ವಯಸ್ಸಿನ ಪರಿಣಾಮ ಹೆಣ್ಣು ಗಂಡಿನಲ್ಲಿ ಬೇರೆಯೇ ಎಂಬುದನ್ನೇ, ಪರೀಕ್ಷಿಸಿ.