ಸಾರಸ ಹೆಂಡತಿ, ಕೋತಿ ಅಳಿಯ: ಜಪಾನಿ ಕಥೆಗಳ ಪ್ರಾಣಿಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಐದನೇ ತರಗತಿಯ ಮಕ್ಕಳಿಂದ ಜಪಾನಿನ ಸಾರಸ ಪಕ್ಷಿಯ ಕಥೆಯನ್ನು ನಾಟಕ ಮಾಡಿಸುತ್ತಿದ್ದೇನೆ. ಒಂದು ಪುಸ್ತಕದಲ್ಲಿ ಸಾರಸ ಬಡ ಯುವಕನ ಹೆಂಡತಿಯಾಗಿ ಬರುತ್ತದೆ, ಇನ್ನೊಂದರಲ್ಲಿ ಮುದುಕ ಮುದುಕಿಗೆ ಮಗಳಾಗಿ. ಯಾವುದು ಸರಿ? ಕೊನೆಯಲ್ಲಿ ಅವಳು ವಾಪಸ್ ಬಂದಳು ಅಂತ ಮಾಡಬಹುದೇ?
– ಶಿಕ್ಷಕಿ, ಸಾಗರ

ಉತ್ತರ: ಎರಡೂ ಸರಿ. ಹೆಂಡತಿಯಾಗಿ ಬರುವ ಪಾಠಕ್ಕೆ, ಅಂದರೆ ಕಥೆಯ ಆ ರೂಪಕ್ಕೆ, ‘ತ್ಸುರು ನ್ಯೋಬೋ’ ಎಂದೂ ಮಗಳಾಗಿ ಬರುವುದಕ್ಕೆ ‘ತ್ಸುರು ನೊ ಓಂಗಾಯೆಶಿ’ ಎಂದೂ ಹೆಸರು. ಮಕ್ಕಳ ರಂಗಕ್ಕೆ ಮಗಳ ಪಾಠವೇ ಒಳ್ಳೆಯದು. ಗಂಡನ ದುರಾಸೆ, ಹೆಂಡತಿಯ ಸಂಕಟ ಹತ್ತು ವರ್ಷದವರ ಬಾಯಲ್ಲಿ ಟಿವಿ ಧಾರಾವಾಹಿಯ ಜಗಳದಂತೆ ಕೇಳಿಸುತ್ತದೆ.

ಕಥೆಯ ಹಂದರ ಇಷ್ಟು. ಹಿಮ ಸುರಿಯುವ ದಿನ ಮುದುಕ ಉರುಳಿಗೆ ಸಿಕ್ಕ ಸಾರಸವನ್ನು ಬಿಡಿಸುತ್ತಾನೆ. ರಾತ್ರಿ ಹುಡುಗಿಯೊಬ್ಬಳು ಬಾಗಿಲು ಬಡಿದು, ಆ ಮನೆಯಲ್ಲೇ ಉಳಿಯುತ್ತಾಳೆ. ‘ನೇಯುವಾಗ ಇಣುಕಬೇಡಿ’ ಎಂದು ಹೇಳಿ ಮಗ್ಗದ ಕೋಣೆ ಸೇರುತ್ತಾಳೆ. ಬಟ್ಟೆಗೆ ಒಳ್ಳೆಯ ಬೆಲೆ ಬರುತ್ತದೆ, ಮತ್ತೆ ನೇಯುತ್ತಾಳೆ, ಸೊರಗುತ್ತಾಳೆ. ತಡೆಯಲಾರದೆ ಇಣುಕಿದರೆ ಒಳಗೆ ಸಾರಸವೊಂದು ತನ್ನದೇ ಗರಿ ಕಿತ್ತು ಹೊಕ್ಕಿಗೆ ಸೇರಿಸುತ್ತಿದೆ. ಗುಟ್ಟು ಬಯಲಾಯಿತೆಂದು ಅದು ಹಾರಿಹೋಗುತ್ತದೆ.

ವಾಪಸ್ ಮಾತ್ರ ಕರೆಸಬೇಡಿ. ಯುರೋಪಿನ ಕಪ್ಪೆ ರಾಜಕುಮಾರ ಶಾಪಕ್ಕೆ ಸಿಕ್ಕ ಮನುಷ್ಯ. ಶಾಪ ಕಳೆದರೆ ಮದುವೆ. ಈ ಸಾರಸ ಹುಟ್ಟಿನಿಂದಲೇ ಸಾರಸ. ಉಪಕಾರ ತೀರಿಸಲು ಮನುಷ್ಯ ರೂಪ ತೊಟ್ಟು ಬಂದದ್ದು, ಗುಟ್ಟು ಹೊರಬಿದ್ದ ಮೇಲೆ ಅದಕ್ಕೆ ಆ ಮನೆಯಲ್ಲಿ ಜಾಗವಿಲ್ಲ. ಹಿಂದಕ್ಕೆ ಕರೆತಂದರೆ ಇಣುಕಿದ್ದಕ್ಕೆ ಬೆಲೆಯೇ ಇಲ್ಲದಂತಾಗಿ ನಾಟಕ ಬಿದ್ದುಹೋಗುತ್ತದೆ. ಅವಳನ್ನು ‘ಶಾಪಗ್ರಸ್ತ ರಾಜಕುಮಾರಿ’ ಎಂದು ಸೂತ್ರಧಾರನಿಂದ ಹೇಳಿಸುವುದೂ ಅಷ್ಟೇ ತಪ್ಪು.

ರಂಗದ ಕೆಲಸಕ್ಕೆ ಬಂದರೆ, ಮಗ್ಗವನ್ನು ಬಿಳಿ ಪರದೆಯ ಹಿಂದಿಟ್ಟು ಹಿಂದಿನಿಂದ ದೀಪ ಕೊಡಿ. ಮೊದಲ ಸಲ ಮಗ್ಗದ ಸದ್ದು ಚುರುಕಾಗಿರಲಿ, ಎರಡನೆಯ ಸಲ ನಿಧಾನ, ಮೂರನೆಯ ಸಲ ನಡುನಡುವೆ ನಿಂತುಹೋಗಲಿ. ಹಕ್ಕಿಯ ನೆರಳು ಇಣುಕುವ ಕ್ಷಣಕ್ಕೆ ಮೊದಲು ಕಾಣಕೂಡದು. ಹೆಚ್ಚಿನವರು ಎಡವುವುದು ಇಲ್ಲೇ. ಮಾರುವ ಬಟ್ಟೆ ಸೀರೆಯ ಮಡಿಕೆಯಂತಿರುವುದು ಬೇಡ. ಜಪಾನಿನಲ್ಲಿ ಒಂದು ಕಿಮೋನೊಗೆ ಸಾಲುವ ಬಟ್ಟೆ ಸುಮಾರು 36 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಸುರುಳಿ. ಹಳೆಯ ಬಿಳಿ ಪಂಚೆಯನ್ನು ಉದ್ದಕ್ಕೆ ಸೀಳಿ ಸುತ್ತಿದರೆ ಆಯಿತು. ವೇಷದಲ್ಲಿ ನೆತ್ತಿ ಕೆಂಪು, ಕತ್ತು ಕಪ್ಪು, ಮೈ ಬಿಳಿ. ಬಾಲಕ್ಕೆ ಕಪ್ಪು ಬಳಿಯಬೇಡಿ: ನಿಂತಾಗ ಕಪ್ಪು ಬಾಲದಂತೆ ಕಾಣುವುದು ಮಡಿಸಿದ ರೆಕ್ಕೆಯ ಗರಿ. ರೆಕ್ಕೆ ಬಿಚ್ಚಿ ಹಾರಿದಾಗ ಬಾಲ ಬಿಳಿಯಾಗಿಯೇ ಇರುತ್ತದೆ.

ಪ್ರಶ್ನೆ: ಹೆಂಡತಿಯಾಗಿ ಬಂದ ಪ್ರಾಣಿ ಬದುಕಿ ಹೋಗುತ್ತದೆ, ಗಂಡನಾಗಿ ಬಂದದ್ದು ಸಾಯುತ್ತದೆ. ಕೋತಿ ಏನು ತಪ್ಪು ಮಾಡಿತ್ತು?
– ಜಾನಪದ ವಿದ್ಯಾರ್ಥಿ, ಧಾರವಾಡ

ಉತ್ತರ: ಏನೂ ಇಲ್ಲ. ‘ಸಾರು ಮುಕೊ’, ಅಂದರೆ ಕೋತಿ ಅಳಿಯನ ಕಥೆ ಅಷ್ಟೊಂದು ಕಸಿವಿಸಿ ಮಾಡುವುದು ಅದಕ್ಕೇ. ಗದ್ದೆ ಒಣಗಿದೆ, ನೀರು ಹಾಯಿಸಿದವರಿಗೆ ಮೂವರು ಮಕ್ಕಳಲ್ಲಿ ಒಬ್ಬಳನ್ನು ಕೊಡುತ್ತೇನೆ ಎಂದು ಅಪ್ಪ ಬಾಯಿತಪ್ಪಿ ಅನ್ನುತ್ತಾನೆ. ಕೋತಿ ಕೇಳಿಸಿಕೊಂಡು ಕೆಲಸ ಮುಗಿಸುತ್ತದೆ. ದೊಡ್ಡವರಿಬ್ಬರು ಒಲ್ಲೆ ಎನ್ನುತ್ತಾರೆ, ಕಿರಿಯವಳು ಒಪ್ಪಿ ಬೆಟ್ಟಕ್ಕೆ ಹೋಗುತ್ತಾಳೆ. ತವರಿಗೆ ಬರುವ ದಿನ ಗಂಡನ ಬೆನ್ನಿಗೆ ಮೋಚಿ (ಕುಟ್ಟಿದ ಅಂಟು ಅಕ್ಕಿಯ ತಿನಿಸು) ತುಂಬಿದ ಒರಳು ಕಟ್ಟಿಸುತ್ತಾಳೆ. ದಾರಿಯಲ್ಲಿ ಹೊಳೆಯ ಮೇಲೆ ಬಾಗಿದ ಚೆರಿ ಮರದ ಹೂ ಬೇಕು, ಇನ್ನೂ ಮೇಲಿನದು ಬೇಕು ಎನ್ನುತ್ತಾಳೆ. ಒರಳು ಕೆಳಗಿಡಲೂ ಬಿಡುವುದಿಲ್ಲ. ಕೊಂಬೆ ಮುರಿಯುತ್ತದೆ, ಒರಳಿನ ಭಾರಕ್ಕೆ ಕೋತಿ ಮುಳುಗುತ್ತದೆ, ಅವಳು ಮನೆಗೆ ಬರುತ್ತಾಳೆ.

ಯಾರು ಯಾರ ಮನೆಗೆ ಹೋಗುತ್ತಾರೆ ಎನ್ನುವುದರಲ್ಲಿ ಉತ್ತರವಿದೆ ಎಂದು ನಮ್ಮ ಅಭಿಪ್ರಾಯ. ಹೆಂಡತಿಯಾಗಿ ಬಂದ ಪ್ರಾಣಿ ಮನೆಗೆ ಏನಾದರೂ ತರುತ್ತದೆ. ಸಾರಸ ಬಟ್ಟೆ ತಂದಿತು. ಶಿನೊದಾ ಕಾಡಿನ ನರಿ ಕುಜುನೊಹಾ ಹೊರಟುಹೋಗುವಾಗ ಬಿಟ್ಟುಹೋದ ಮಗನೇ ಚಕ್ರವರ್ತಿಯ ಆಸ್ಥಾನದ ಪ್ರಸಿದ್ಧ ಜ್ಯೋತಿಷಿ ಆಬೆ ನೊ ಸೆಯಿಮೆಯಿ (921–1005) ಎಂದು ಕಥೆ. ಗಂಡನಾಗಿ ಬಂದ ಪ್ರಾಣಿಯಾದರೋ ಹೆಣ್ಣನ್ನೇ ಊರಾಚೆಗೆ ಒಯ್ಯುತ್ತದೆ. ಕೇಳುವವರು ರೈತರು, ಕೋತಿ ಅವರ ಬೆಳೆಗೆ ನುಗ್ಗುವ ಪ್ರಾಣಿ. ಕೊಂಬೆ ಮುರಿದಾಗ ನಗುವವರು ಅವರೇ. ಹಾಗಂತ ಹೇಳುವವರಿಗೂ ಪೂರ್ತಿ ಸಮಾಧಾನ ಇದ್ದಂತಿಲ್ಲ. ಕೆಲವು ಪಾಠಗಳಲ್ಲಿ ತೇಲಿಹೋಗುವ ಕೋತಿ ತನ್ನ ಜೀವಕ್ಕಲ್ಲ, ಹೆಂಡತಿ ಅಳುವಳಲ್ಲ ಎಂಬುದಕ್ಕೆ ಮರುಗಿ ಹಾಡುತ್ತದೆ.

ಹಾವಿನ ಗಂಡನನ್ನು ಪಕ್ಕದಲ್ಲಿಟ್ಟು ನೋಡಿ. ರಾತ್ರಿ ಮಾತ್ರ ಬರುವವನ ಬಟ್ಟೆಯ ಅಂಚಿಗೆ ದಾರ ಪೋಣಿಸಿದ ಸೂಜಿ ಚುಚ್ಚಿ, ಬೆಳಿಗ್ಗೆ ದಾರ ಹಿಡಿದು ಹೋಗುವುದು. 712ರ ಪುರಾಣ, ಇತಿಹಾಸದ ಗ್ರಂಥ ‘ಕೊಜಿಕಿ’ಯಲ್ಲಿ ಆ ದಾರ ಬೀಗದ ಕಿಂಡಿಯಲ್ಲಿ ತೂರಿ ಮಿವಾ ಬೆಟ್ಟದ ದೇವಸ್ಥಾನ ಮುಟ್ಟುತ್ತದೆ, ಬಂದವನು ದೇವರು, ಹುಟ್ಟಿದ ಮಗುವಿನಿಂದ ಒಂದು ವಂಶವೇ ಬೆಳೆಯುತ್ತದೆ. ಊರ ಕಥೆಗಳಲ್ಲಿ ಅದೇ ದಾರ ಹೋಗಿ ನಿಲ್ಲುವುದು ಗುಹೆಯ ಬಾಯಲ್ಲಿ. ಕಬ್ಬಿಣದ ಸೂಜಿಯ ನಂಜೇರಿ ಹಾವು ಒಳಗೆ ಸಾಯುತ್ತಿದೆ. ನಿಮ್ಮ ಪ್ರಬಂಧಕ್ಕೆ ಈ ಎರಡು ಪಾಠಗಳ ಹೋಲಿಕೆಯೊಂದೇ ಸಾಕಾದೀತು.

ಕುದುರೆಯದು ಬೇರೆಯೇ ದಾರಿ. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ 1910ರಲ್ಲಿ ಪ್ರಕಟಿಸಿದ ತೋನೊ ಪ್ರದೇಶದ ಕಥೆಗಳಲ್ಲಿ, ಮಗಳು ಮದುವೆಯಾದ ಕುದುರೆಯನ್ನು ಅಪ್ಪ ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಲ್ಲುತ್ತಾನೆ. ಅವನು ತಲೆ ಕಡಿದಾಗ ಅದಕ್ಕೆ ಅಪ್ಪಿಕೊಂಡೇ ಮಗಳು ಆಕಾಶಕ್ಕೇರುತ್ತಾಳೆ, ಇಬ್ಬರೂ ಓಶಿರಾಸಾಮ ಎಂಬ ಮನೆದೇವರಾಗುತ್ತಾರೆ. ಆ ಸೀಮೆಯ ಹಳೆಯ ಮನೆಗಳು ಇಂಗ್ಲಿಷಿನ ‘ಎಲ್’ ಆಕಾರದವು, ಲಾಯ ಮನೆಗೇ ಅಂಟಿಕೊಂಡಿರುತ್ತಿತ್ತು. ಕುದುರೆ ಬೆಟ್ಟದಿಂದ ಇಳಿದು ಬಂದ ಹೊರಗಿನವನಲ್ಲ. ಸತ್ತರೂ ಅದಕ್ಕೆ ಪೂಜೆ ಸಿಕ್ಕಿತು.

ಪ್ರಶ್ನೆ: ತನುಕಿ ಅಂದರೆ ಕರಡಿಯ ಜಾತಿಯೇ? ಅದರ ಕಥೆಯನ್ನು ನಾಲ್ಕು ವರ್ಷದ ಮಗನಿಗೆ ಓದಬಹುದೇ?
– ತಂದೆ, ಬೆಂಗಳೂರು

ಉತ್ತರ: ಕರಡಿಯಲ್ಲ, ರಕೂನೂ ಅಲ್ಲ. ಕಣ್ಣಿನ ಸುತ್ತ ಕಪ್ಪಿದ್ದರೂ ಅದು ನಾಯಿ, ನರಿಗಳ ಕುಟುಂಬದ್ದು.

ಯಾವ ಕಥೆ ಎಂದು ನೋಡಿಕೊಂಡು ಓದಿ. ‘ಬುಂಬುಕು ಚಾಗಾಮಾ’ ಧಾರಾಳವಾಗಿ ಓದಿ: ಚಹಾದ ಕೆಟಲ್ ಆಗಿ ವೇಷ ಬದಲಿಸಿದ ತನುಕಿ ಒಲೆಯ ಮೇಲೆ ಇಟ್ಟಾಗ ಬಿಸಿ ತಾಳದೆ ಕಾಲು, ಬಾಲ ಹೊರಹಾಕುತ್ತದೆ, ಆಮೇಲೆ ಹಗ್ಗದ ಮೇಲೆ ನಡೆದು ತನ್ನನ್ನು ಸಾಕಿದವನಿಗೆ ಹಣ ಗಳಿಸಿಕೊಡುತ್ತದೆ. ಗುನ್ಮಾ ಪ್ರಾಂತ್ಯದ ತಾತೆಬಯಾಶಿಯಲ್ಲಿರುವ ಮೊರಿಂಜಿ ದೇವಾಲಯ ಈ ಕಥೆಯಿಂದಲೇ ಹೆಸರುವಾಸಿ.

‘ಕಾಚಿಕಾಚಿ ಯಾಮಾ’ ಹಾಗಲ್ಲ. ಹಳೆಯ ಪಾಠದಲ್ಲಿ ತನುಕಿ ಅಜ್ಜಿಯನ್ನು ಕೊಂದು ಸಾರು ಮಾಡಿ, ಅಜ್ಜಿಯ ವೇಷದಲ್ಲೇ ಅಜ್ಜನಿಗೆ ಬಡಿಸುತ್ತದೆ. ಮೊಲ ಸೇಡು ತೀರಿಸುವುದೂ ಮೃದುವಾಗೇನಲ್ಲ: ಬೆನ್ನ ಮೇಲಿನ ಸೌದೆಗೆ ಬೆಂಕಿ, ಸುಟ್ಟ ಗಾಯಕ್ಕೆ ಮೆಣಸಿನಕಾಯಿ ಬೆರೆಸಿದ ಮಿಸೊ (ಹುದುಗಿಸಿದ ಸೋಯಾ ಹಿಟ್ಟು), ಕಡೆಗೆ ಮಣ್ಣಿನ ದೋಣಿ. ಈಚಿನ ಮಕ್ಕಳ ಪುಸ್ತಕಗಳಲ್ಲಿ ಅಜ್ಜಿಗೆ ಪೆಟ್ಟಾಗುತ್ತದೆ, ಅಷ್ಟೇ. ಆದರೆ ತಪ್ಪನ್ನು ಕಿರಿದು ಮಾಡಿ ಶಿಕ್ಷೆಯನ್ನು ಹಾಗೇ ಉಳಿಸಿದ ಪುಸ್ತಕಗಳೂ ಇವೆ. ಆಗ ಮೊಲವೇ ಕ್ರೂರಿಯಾಗಿ ಕಾಣುತ್ತದೆ, ಮಗು ತನುಕಿಗಾಗಿ ಅಳುತ್ತದೆ. ಕೊನೆಯ ಪುಟ ಮೊದಲು ನೋಡಿ, ಆಮೇಲೆ ಪುಸ್ತಕ ಕೊಳ್ಳಿ. ಎಂಟು, ಒಂಬತ್ತರ ಮಕ್ಕಳಿಗೆ ಹಳೆಯ ಪಾಠವೇ ವಾಸಿ.

ಪ್ರಶ್ನೆ: ಇನಾರಿ ಗುಡಿಯಲ್ಲಿ ನರಿಯೇ ದೇವರೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ. ಇನಾರಿ ಭತ್ತದ, ಬೆಳೆಯ ದೇವತೆ. ನರಿ ಅದರ ದೂತ. ಗುಡಿಯ ಮುಂದಿನ ನರಿಗಳ ಬಾಯಲ್ಲಿ ಬೀಗದ ಕೈ, ಭತ್ತದ ತೆನೆ, ಮಣಿ ಅಥವಾ ಸುರುಳಿ ಇರುತ್ತದೆ. ಗುಡಿಯಲ್ಲಿ ಕೈಮುಗಿಸಿಕೊಳ್ಳುವ ನರಿಯೇ ಕಥೆಗಳಲ್ಲಿ ಜನರನ್ನು ಮೋಸ ಮಾಡುವುದರಲ್ಲಿ ಜಪಾನಿಗಳಿಗೆ ವಿರೋಧವೇನೂ ಕಂಡಿಲ್ಲ.

ಪ್ರಶ್ನೆ: ಪಂಚತಂತ್ರದ ಕೋತಿ, ಮೊಸಳೆ ಕಥೆ ಜಪಾನಿನಲ್ಲೂ ಇದೆಯಂತೆ, ನಿಜವೇ?
– ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ನಿಜ. ಜಾತಕ ಕಥೆಗಳಲ್ಲೂ ಇರುವ ಇದು ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಹೋಯಿತು. 12ನೇ ಶತಮಾನದ ‘ಕೊಂಜಾಕು ಮೊನೊಗತಾರಿಶೂ’ ಸಂಗ್ರಹದ ಮೊದಲ ಐದು ಸಂಪುಟಗಳು ಭಾರತದ ಕಥೆಗಳಿಗೇ ಮೀಸಲು. ಐದನೆಯದರಲ್ಲಿ ಇದು ಸಿಗುತ್ತದೆ. ಮೊಸಳೆಯ ಜಾಗದಲ್ಲಿ ಆಮೆ, ಹೃದಯದ ಜಾಗದಲ್ಲಿ ಪಿತ್ತಜನಕಾಂಗ. ಬಾಯಿಮಾತಿನ ಕಥೆಯಲ್ಲಿ ಸಮುದ್ರದೊಳಗಿನ ಅರಮನೆಯವರಿಗೆ ಕಾಯಿಲೆ. ಅವರಿಗೆ ಮದ್ದಾಗಿ ಕೋತಿಯನ್ನು ಕರೆತರುತ್ತಾರೆ. ಗುಟ್ಟು ತಿಳಿದ ಕೋತಿ ‘ಪಿತ್ತಜನಕಾಂಗವನ್ನು ಮರದ ಮೇಲೆ ಒಣಹಾಕಿ ಬಂದೆ’ ಎಂದು ಪಾರಾಗುತ್ತದೆ.

ಹೋಲಿಸಿ ಓದುವಾಗ ಗುಟ್ಟು ಬಿಟ್ಟವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳಿ. ಕೊಂಜಾಕುವಿನಲ್ಲಿ ನಮ್ಮ ಮೊಸಳೆಯಂತೆ ಹೊತ್ತೊಯ್ಯುವ ಆಮೆಯೇ ಬಾಯಿಬಿಡುತ್ತದೆ. ಬಾಯಿಮಾತಿನ ಎಷ್ಟೋ ಪಾಠಗಳಲ್ಲಿ ಬಾಯಿಬಿಡುವುದು ಬಾಗಿಲು ಕಾಯುವ ಜೆಲ್ಲಿ ಫಿಶ್. ಅದಕ್ಕೆ ಬಿದ್ದ ಏಟಿಗೆ ಮೈಯ ಮೂಳೆಯೆಲ್ಲ ಹೋಯಿತಂತೆ.