ಮೂರು ಕೋಣೆಯ ಮನೆಗೆ ಮೂರು ಗಂಟೆಯ ದಾರಿ

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರ ಬ್ಯಾಂಕ್ ಕೆಲಸ. ಯಜಮಾನರದು ಎಲೆಕ್ಟ್ರಾನಿಕ್ ಸಿಟಿ ಮೊದಲ ಹಂತದಲ್ಲಿ ಸಾಫ್ಟ್‌ವೇರ್ ಕಂಪನಿ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ ಕೆಲಸ. ಮಗ ಜೂನ್‌ಗೆ ಒಂದನೇ ಕ್ಲಾಸು. ಅತ್ತೆ ನಮ್ಮ ಜೊತೆಗಿದ್ದಾರೆ, ಅವರಿಗೆ ಮಂಡಿನೋವು. ಈಗಿರುವ ವಿಜಯನಗರದ ಬಾಡಿಗೆ ಮನೆಯನ್ನು ಏಪ್ರಿಲ್ ಕೊನೆಗೆ ಬಿಡಬೇಕು. ಚಂದಾಪುರದಿಂದ ಆನೇಕಲ್ ರಸ್ತೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಯಜಮಾನರಿಗೆ ತುಂಬ ಹಿಡಿಸಿದೆ. ಮೂರು ಬೆಡ್‌ರೂಮು, ಈಜುಕೊಳ, ಕ್ಲಬ್‌ಹೌಸ್, ಬಾಡಿಗೆ 25,000. ನನ್ನ ಕಣ್ಣಿಗೆ ಬಿದ್ದಿರುವುದು ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ನಡೆಯುವ ದೂರದಲ್ಲಿರುವ ಹಳೇ ಮನೆ. ಮೊದಲ ಮಹಡಿ, ಎರಡು ಬೆಡ್‌ರೂಮು, ಬಾಡಿಗೆ 38,000. 'ಇಬ್ಬರ ಪ್ರಯಾಣ ಸೇರಿಸಿದರೆ ಒಂದು ಕಡೆಗೆ 25 ನಿಮಿಷ ವ್ಯತ್ಯಾಸ ಅಷ್ಟೆ. ಅದಕ್ಕೋಸ್ಕರ 13,000 ಜಾಸ್ತಿ ಕೊಡೋದಾ? ಬೆಂಗಳೂರಲ್ಲಿ ಎಲ್ಲರೂ ಎರಡು ಗಂಟೆ ಓಡಾಡ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ' ಅನ್ನುತ್ತಾರೆ. ಮನೆಯಲ್ಲಿ ದಿನಾ ಇದೇ ಜಗಳ. ನಾನು ಹಟ ಮಾಡುತ್ತಿದ್ದೇನಾ?

— ಹೆಸರು ಬೇಡ, ವಿಜಯನಗರ

ಉತ್ತರ: ಹಟ ಅಲ್ಲ. ನಿಮ್ಮ ಯಜಮಾನರು ಕೂಡಿದ್ದು ತಪ್ಪಲ್ಲ, ಕೂಡಿದ ಸಾಲು ತಪ್ಪು. ಚಂದಾಪುರದಿಂದ ಅವರಿಗೆ ಸ್ಕೂಟರ್‌ನಲ್ಲಿ 30 ನಿಮಿಷ, ನಿಮಗೆ 100 ನಿಮಿಷ, ಒಟ್ಟು 130. ಆರ್.ವಿ. ರಸ್ತೆಯಿಂದ ಅವರಿಗೆ 60, ನಿಮಗೆ 45, ಒಟ್ಟು 105. ವ್ಯತ್ಯಾಸ 25 ನಿಮಿಷವೇ ಹೌದು. ಆದರೆ ಆ ಲೆಕ್ಕದಲ್ಲಿ ಎರಡು ಸಂಗತಿ ಮುಚ್ಚಿಹೋಗಿವೆ. ಅವರು ಹೋಗುವುದು ತಿಂಗಳಿಗೆ 13 ದಿನ, ನೀವು ಹೋಗುವುದು 23 ದಿನ. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ಬಿಟ್ಟರೆ ಶನಿವಾರವೂ ಕೆಲಸವಿದೆಯಲ್ಲ. ಇನ್ನೊಂದು, ದೊಡ್ಡ ಮನೆಯ ಸುಖ ನಾಲ್ವರಿಗೂ ಸೇರಿದ್ದು, ಅದರ ಬೆಲೆ ತೆರುವವರು ನೀವೊಬ್ಬರೇ.

ಆ 100 ನಿಮಿಷ ಹೇಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ನೋಡಿ. ಮ್ಯಾಪ್‌ನಲ್ಲಿ ಭಾನುವಾರ ರಾತ್ರಿ ನೋಡಿದರೆ ಇದಕ್ಕಿಂತ ಅರ್ಧ ಗಂಟೆ ಕಡಿಮೆ ತೋರಿಸೀತು, ಅದನ್ನು ನಂಬಬೇಡಿ. ಅಪಾರ್ಟ್‌ಮೆಂಟಿನ ಗೇಟಿನಿಂದ ಬೊಮ್ಮಸಂದ್ರ ಮೆಟ್ರೊ ನಿಲ್ದಾಣಕ್ಕೆ ನಾಲ್ಕು ಕಿಲೋಮೀಟರ್. ಆಟೋ ಹುಡುಕಿ ತಲುಪಲು 20 ನಿಮಿಷ. ಮೆಟ್ಟಿಲು, ಬ್ಯಾಗ್ ತಪಾಸಣೆ, ರೈಲಿಗೆ ಕಾಯುವುದು 8. ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ 35. ಅಲ್ಲಿ ಇಳಿದು ಹಸಿರು ಮಾರ್ಗದ ರೈಲು ಹಿಡಿಯಲು 8, ಮೆಜೆಸ್ಟಿಕ್‌ಗೆ 15. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಪ್ಲಾಟ್‌ಫಾರ್ಮ್ ಕೆಳಗೆ, ನೇರಳೆ ಮಾರ್ಗದ್ದು ಮೇಲೆ. ಎಸ್ಕಲೇಟರ್ ಏರಿ, ಜನ ಸರಿಸಿಕೊಂಡು ಹೋಗಿ ಇನ್ನೊಂದು ರೈಲು ಹತ್ತಲು 7. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಅಲ್ಲಿಂದ ಒಂದೇ ಸ್ಟಾಪು, 2 ನಿಮಿಷ. ಬ್ಯಾಂಕಿಗೆ ನಡಿಗೆ 5. ಅಂದರೆ ನಾಲ್ಕು ವಾಹನ, ಮೂರು ಕಡೆ ಬದಲಾವಣೆ. ಕೂತು ಹೋಗುವ 35 ನಿಮಿಷ ಅಷ್ಟೇನೂ ದಣಿಸುವುದಿಲ್ಲ. ದಣಿಸುವುದು ಬದಲಾವಣೆಗಳು. ಪ್ರತಿ ಬದಲಾವಣೆಯಲ್ಲೂ ಒಂದು ರೈಲು ತಪ್ಪಿಹೋಗುವ ಸಾಧ್ಯತೆ ಇರುತ್ತದೆ, ತಪ್ಪಿದರೆ ಮುಂದಿನದು ಬರುವವರೆಗಿನ ಅಂತರ ಪೂರ್ತಿ ನಿಮ್ಮ ತಲೆಗೆ. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ 25 ನಿಮಿಷಕ್ಕೊಂದು ರೈಲಿತ್ತು. ಆಮೇಲೆ ರೈಲುಗಳು ಸೇರಿದಂತೆ ಅಂತರ ಇಳಿಯುತ್ತ ಬಂದಿದೆ. ನೀವು ಹೊರಡುವ ಹೊತ್ತಿಗೆ ಈಗ ಎಷ್ಟಿದೆ ಅನ್ನುವುದನ್ನು ನಿಲ್ದಾಣದಲ್ಲೇ ನಿಂತು ನೋಡಿಕೊಳ್ಳಿ.

ಈಗ ತಿಂಗಳ ಲೆಕ್ಕ. ಚಂದಾಪುರದಿಂದ ನೀವು ದಾರಿಯಲ್ಲಿ ಕಳೆಯುವುದು 77 ಗಂಟೆ, ಅವರು 13. ಒಟ್ಟು 90. ಆರ್.ವಿ. ರಸ್ತೆಯಿಂದ ನೀವು ಮೂವತ್ತನಾಲ್ಕೂವರೆ, ಅವರು 26, ಒಟ್ಟು ಅರವತ್ತೂವರೆ. ಉಳಿತಾಯ ಹತ್ತಿರ ಹತ್ತಿರ 30 ಗಂಟೆ. ನಾಳೆ ಅವರ ಕಂಪನಿ ವಾರವಿಡೀ ಆಫೀಸಿಗೆ ಬನ್ನಿ ಅಂದರೂ ಅನ್ನಬಹುದು. ಆಗಲೂ ಆರ್.ವಿ. ರಸ್ತೆಯೇ ತಿಂಗಳಿಗೆ 20 ಗಂಟೆ ಲಾಭದಲ್ಲಿರುತ್ತದೆ. ನಿಮ್ಮ ಆಯ್ಕೆಯ ಬಲ ಇರುವುದೇ ಇಲ್ಲಿ, ಇದನ್ನು ನಿಮ್ಮವರಿಗೆ ನೀವು ಹೇಳಿದಂತಿಲ್ಲ. ಆರ್.ವಿ. ರಸ್ತೆ ಎರಡು ಮಾರ್ಗ ಕೂಡುವ ಜಾಗ. ಅಲ್ಲೇ ವಾಸವಿದ್ದರೆ ಅವರು ನೇರ ಹಳದಿ ಹತ್ತುತ್ತಾರೆ, ಅದೂ ರೈಲು ಹೊರಡುವ ನಿಲ್ದಾಣದಲ್ಲಿ. ಸೀಟು ಸಿಗುವ ಸಾಧ್ಯತೆ ಮಧ್ಯದ ಯಾವ ನಿಲ್ದಾಣಕ್ಕಿಂತಲೂ ಹೆಚ್ಚು. ಹನ್ನೊಂದನೇ ಸ್ಟಾಪು ಎಲೆಕ್ಟ್ರಾನಿಕ್ ಸಿಟಿ. ನಿಮಗೂ ಮೂರರ ಬದಲು ಒಂದೇ ಬದಲಾವಣೆ.

ದುಡ್ಡಿನ ಕಡೆ ಬರೋಣ, ಏಕೆಂದರೆ 13,000 ಅನ್ನುವ ಅಂಕಿ ಅವರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ಈಜುಕೊಳ, ಲಿಫ್ಟು, ಸೆಕ್ಯುರಿಟಿ ಇರುವ ಕಡೆ ಮೇಂಟೆನೆನ್ಸ್ ಹೆಚ್ಚಾಗಿ ಬಾಡಿಗೆಯ ಹೊರಗೆ ಇರುತ್ತದೆ. ನಿಮಗೆ ಹೇಳಿರುವ 25,000 ಅದನ್ನು ಸೇರಿಸಿಯೋ ಬಿಟ್ಟೋ ಕೇಳಿ. 4,500 ಎಂದು ಹಿಡಿದರೆ 29,500 ಆಯಿತು. ನಗರದಲ್ಲಿ 2025ರ ಆಗಸ್ಟ್‌ನಿಂದ ಆಟೋ ಮೀಟರ್ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ನಾಲ್ಕು ಕಿಲೋಮೀಟರಿಗೆ 72, ದಿನಕ್ಕೆ ಎರಡು ಸಲ, 23 ದಿನಕ್ಕೆ 3,312. ಇದು ಮೀಟರ್ ಹಾಕುವ ಆಟೋ ಸಿಕ್ಕರೆ! ಒಟ್ಟು 32,800. ಅಂತರ 5,200ಕ್ಕೆ ಇಳಿಯಿತು. ನಿಮ್ಮ ಮೆಟ್ರೊ ಟಿಕೆಟ್ ಇನ್ನೂ ಬಾಕಿ. ಬೊಮ್ಮಸಂದ್ರದಿಂದ ದೂರ ಹೆಚ್ಚು, ಟಿಕೆಟ್ಟೂ ಹೆಚ್ಚು. ಅವರ ಮೆಟ್ರೊ ಟಿಕೆಟ್, ಪೆಟ್ರೋಲುಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಲೆಕ್ಕವೂ ಒಂದು ಕಣ್ಣಿನದ್ದಾಗುತ್ತದೆ. 5,200ನ್ನೇ ಹಿಡಿದರೂ ಉಳಿಯುವ ಒಂದೊಂದು ಗಂಟೆಗೆ 175 ರೂಪಾಯಿ ಕೊಟ್ಟಂತೆ. ಇಬ್ಬರು ದುಡಿಯುವ ಮನೆಗೆ ಅದು ದುಬಾರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೌದು, ಅಡ್ವಾನ್ಸ್ ಮಾತ್ರ ಭಾರ. ಆರು ತಿಂಗಳ ಬಾಡಿಗೆ ಕೇಳಿದರೆ ಒಂದು ಕಡೆ ಒಂದೂವರೆ ಲಕ್ಷ, ಇನ್ನೊಂದು ಕಡೆ 2.28 ಲಕ್ಷ. 78,000 ಹೆಚ್ಚು ಒಟ್ಟಿಗೇ ಕೈಬಿಡುತ್ತದೆ, ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಅದರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೂ ಇದೆ.

ಈಜುಕೊಳದ ವಿಷಯ. ಮನೆಯನ್ನು ಭಾನುವಾರ ನೋಡಲು ಹೋದರೆ ಅದು ಭಾನುವಾರದ ಮನೆಯಾಗಿಯೇ ಕಾಣುತ್ತದೆ. ಮಂಗಳವಾರ ಸಂಜೆ ಹೇಗಿರುತ್ತದೆ? ನೀವು ಆರಕ್ಕೆ ಬ್ಯಾಂಕ್ ಬಿಟ್ಟರೆ ಮನೆಯ ಬೀಗದ ಮುಂದೆ ನಿಲ್ಲುವುದು 7.40ಕ್ಕೆ. ಕುಕ್ಕರ್ ಇಡಬೇಕು, ಮಗನ ಡೈರಿ ನೋಡಬೇಕು, ನಾಳೆಗೆ ದೋಸೆಹಿಟ್ಟು ಇದೆಯೋ ಇಲ್ಲವೋ. ಮಗು ಒಂಬತ್ತಕ್ಕೆ ಮಲಗಿದರೆ ಅವನ ಜೊತೆ ನಿಮಗೆ ಸಿಗುವುದು ಅಡುಗೆಯೂ ಸೇರಿ ಎಂಬತ್ತು ನಿಮಿಷ. ಆರ್.ವಿ. ರಸ್ತೆಯಿಂದಾದರೆ 6.45ಕ್ಕೆ ಮನೆ. ಒಂದು ಹಾಳೆಯಲ್ಲಿ ಆ ಅಪಾರ್ಟ್‌ಮೆಂಟಿನ ಸೌಲಭ್ಯಗಳನ್ನೆಲ್ಲ ಬರೆದು, ಸೋಮವಾರದಿಂದ ಶುಕ್ರವಾರದೊಳಗೆ ಯಾರು ಎಷ್ಟು ಸಲ ಬಳಸುತ್ತೀರಿ ಎಂದು ಎದುರಿಗೆ ಬರೆಯಿರಿ. ಅತ್ತೆಗೆ ವಾಕಿಂಗ್ ಟ್ರ್ಯಾಕ್, ಲಿಫ್ಟು, ಮಾತಿಗೆ ಸಿಗುವ ಓರಗೆಯವರು ನಿಜವಾಗಿಯೂ ಬಳಕೆಗೆ ಬರುತ್ತಾರೆ. ಉಳಿದದ್ದರ ಮುಂದೆ ಸೊನ್ನೆಗಳೇ ಹೆಚ್ಚಿರಬಹುದು.

ಅತ್ತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನೀವು ನೋಡಿರುವ ಮನೆಯೂ ಸರಿಯಿಲ್ಲ. ಮೊದಲ ಮಹಡಿ, ಹಳೇ ಮನೆ, ಲಿಫ್ಟಿಲ್ಲ. ಹಳೇ ಮನೆಗಳ ಹೊರಮೆಟ್ಟಿಲು ಕಡಿದಾಗಿರುತ್ತದೆ, ಎಷ್ಟೋ ಕಡೆ ಒಂದೇ ಬದಿ ಕಂಬಿ. ಟೇಪ್ ಹಿಡಿದು ಅಳೆಯಿರಿ. ಒಂದು ಮೆಟ್ಟಿಲಿನ ಎತ್ತರ ಏಳು ಇಂಚು ದಾಟಿದರೆ ಮಂಡಿನೋವಿನವರಿಗೆ ಕಷ್ಟ, ಏರುವುದಕ್ಕಿಂತ ಇಳಿಯುವಾಗ ಇನ್ನೂ ಹೆಚ್ಚು. ಆ ಮನೆಗೆ ಹೋದರೆ ಅವರು ಮನೆಯೊಳಗೇ ಉಳಿದುಬಿಡುತ್ತಾರೆ. ನೀವು 42 ಗಂಟೆ ಉಳಿಸಿಕೊಂಡು ಅವರ ಓಡಾಟವನ್ನು ಕಸಿದಂತೆ. ನಿಮ್ಮವರು ಇದನ್ನು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನಲ್ಲಿ ಇರಬಹುದು. ಇನ್ನೊಂದು, ವಾರಕ್ಕೆ ಎರಡು ದಿನ ಅವರು ಎಲ್ಲಿ ಕೂತು ಮೀಟಿಂಗ್ ಮಾಡುತ್ತಾರೆ? ಎರಡು ಬೆಡ್‌ರೂಮಿನಲ್ಲಿ ಒಂದು ಅತ್ತೆ ಮತ್ತು ಮಗನದು. ಮೂರನೇ ಕೋಣೆ ಬೇಕು ಅನ್ನುವುದು ಅವರ ಡೌಲಲ್ಲ, ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಬೇಕಾಗಿರುವುದು ನಿಜ.

ಆದ್ದರಿಂದ ಈ ಎರಡು ಮನೆಗಳನ್ನೂ ಬಿಡಿ, ಜಾಗವನ್ನು ಮಾತ್ರ ಇಟ್ಟುಕೊಳ್ಳಿ. ಜಯನಗರ 5ನೇ, 7ನೇ ಬ್ಲಾಕ್, ಬನಶಂಕರಿ 2ನೇ ಹಂತದ ಅಂಚು, ಹಳದಿ ಮಾರ್ಗದಲ್ಲಿ ಮುಂದಿನ ರಾಗಿಗುಡ್ಡ ನಿಲ್ದಾಣದ ಸುತ್ತ ನೆಲಮಹಡಿ ಅಥವಾ ಲಿಫ್ಟಿರುವ ಮನೆ ಹುಡುಕಿ. ನಿಲ್ದಾಣಕ್ಕೆ ಹತ್ತು ನಿಮಿಷ ನಡಿಗೆಗಿಂತ ಹೆಚ್ಚು ಬೇಡ. ನೆಲಮಹಡಿಗೆ ಬಾಡಿಗೆ ಇನ್ನೊಂದಿಷ್ಟು ಹೆಚ್ಚು ಕೇಳುತ್ತಾರೆ, ಬೆಳಕು ಕಡಿಮೆ. ಮಳೆ ಬಂದಾಗ ಚರಂಡಿ ನೀರು ಒಳಗೆ ಬರುತ್ತದೋ ಎಂದು ಓನರನ್ನಲ್ಲ, ಎದುರುಮನೆಯವರನ್ನು ಕೇಳಿ. ಅಲ್ಲಿ ಬಜೆಟ್ಟಿಗೆ ಸಿಗದಿದ್ದರೆ ಸಿಂಗಸಂದ್ರ, ಹೊಸ ರೋಡ್ ಕಡೆ ಹೋಗಿ. ಲಿಫ್ಟಿರುವ ಅಪಾರ್ಟ್‌ಮೆಂಟುಗಳಿವೆ. ನಿಮ್ಮ ಪ್ರಯಾಣ 70 ನಿಮಿಷದ ಆಸುಪಾಸು, ಅವರದು 25. ತಿಂಗಳ ಒಟ್ಟು 65 ಗಂಟೆ, ನಿಮ್ಮ ಪಾಲು 54. ನಿಮಗೆ ಇನ್ನೂ ಭಾರವೇ, ಆದರೆ ನಿಲ್ದಾಣ ನಡೆಯುವ ದೂರದಲ್ಲಿದ್ದರೆ ಆಟೋದವರ ದಯೆಗೆ ಬೀಳುವುದು ತಪ್ಪುತ್ತದೆ.

ನಿಮ್ಮವರು ಚಂದಾಪುರವೇ ಅಂದರೆ ಅಲ್ಲಿಯ ನೀರಿನ ವಿಚಾರ ಕೇಳದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. 2024ರ ಅಕ್ಟೋಬರಿನಲ್ಲಿ ಚಾಲೂ ಆದ ಕಾವೇರಿ ಐದನೇ ಹಂತದ 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್) ನೀರು ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗೆಂದು ಬಂದದ್ದು. ಚಂದಾಪುರ ಆ ಗೆರೆಯ ಆಚೆ, ಆನೇಕಲ್ ತಾಲ್ಲೂಕಿನಲ್ಲಿದೆ. ಹಾಗಾಗಿ ಬೋರ್‌ವೆಲ್ ಎಷ್ಟಿವೆ, ಕಳೆದ ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂತು, ಅದರ ಬಿಲ್ಲು ಮೇಂಟೆನೆನ್ಸ್‌ನಲ್ಲೋ ಪ್ರತ್ಯೇಕವೋ, ಇದನ್ನು ಅಲ್ಲಿ ಬಾಡಿಗೆಗಿರುವವರ ಹತ್ತಿರ ಕೇಳಿ. ತಲೆಗೆ 135 ಲೀಟರ್ ಲೆಕ್ಕದಲ್ಲಿ ನಿಮ್ಮ ನಾಲ್ವರಿಗೆ ದಿನಕ್ಕೆ 540 ಲೀಟರ್, 12,000 ಲೀಟರ್ ಟ್ಯಾಂಕರ್ 22 ದಿನಕ್ಕೆ ಖಾಲಿ. ಅಲ್ಲೇ ಮುಂದೆ ಕೊಳ್ಳುವ ಯೋಚನೆ ಇದ್ದರೆ ಅದು ಬೇರೆಯೇ ಕಥೆ. ಖಾತಾ, ಒಸಿ (ವಾಸಯೋಗ್ಯ ಪ್ರಮಾಣಪತ್ರ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಶಾಲೆ ಎಲ್ಲಿ ಅನ್ನುವುದನ್ನು ಮನೆ ಗೊತ್ತಾದ ಮೇಲೆ, ಮನೆಯ ಹತ್ತಿರ. ಮಗುವಿಗೆ ಜ್ವರ ಎಂದು ಹನ್ನೊಂದು ಗಂಟೆಗೆ ಫೋನ್ ಬಂದರೆ ಯಾರು ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದು ಒಂದೇ ಪರೀಕ್ಷೆ ಸಾಕು. ಚಂದಾಪುರದಲ್ಲಾದರೆ ನಿಮ್ಮವರು ಅರ್ಧ ಗಂಟೆಯಲ್ಲಿ ಹೋಗಬಲ್ಲರು, ಅದು ಆ ಮನೆಯ ಪರವಾದ ಗಟ್ಟಿ ಮಾತು. ಹಾಗಿದ್ದರೆ ಶಾಲೆಯ ಅರ್ಜಿಯಲ್ಲಿ ಫೋನ್ ನಂಬರಿನ ಜಾಗದಲ್ಲಿ ಅವರ ನಂಬರೇ ಇರಬೇಕು ಎಂದು ಈಗಲೇ ಮಾತಾಗಲಿ.

ನನ್ನ ಉತ್ತರ ಬದಲಾಗುವುದು ಒಂದೇ ಸಂದರ್ಭದಲ್ಲಿ. ನಿಮ್ಮ ಬ್ಯಾಂಕಿಗೆ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ ಕಡೆ ಶಾಖೆ ಇದ್ದು, ಅಲ್ಲಿಗೆ ವರ್ಗಾವಣೆ ಸಿಗುವಂತಿದ್ದರೆ ಚಂದಾಪುರವೇ ಒಳ್ಳೆಯದು. ಅರ್ಜಿ ಹಾಕಿ, ಆದರೆ ಆದೇಶ ಕೈಗೆ ಬರುವ ಮೊದಲು ಮನೆ ಬದಲಿಸಬೇಡಿ. ಈ ಕಾರಣಕ್ಕೇ, ಎಲ್ಲಿಗೆ ಹೋದರೂ 11 ತಿಂಗಳ ಕರಾರಿನಲ್ಲಿ ಲಾಕ್‌ಇನ್ ಅವಧಿ (ಇಷ್ಟು ದಿನ ಬಿಡುವಂತಿಲ್ಲ ಅನ್ನುವ ಷರತ್ತು) ಇಲ್ಲದಂತೆ, ನೋಟಿಸ್ ಎರಡೇ ತಿಂಗಳು ಇರುವಂತೆ ಬರೆಸಿ.

ಜಗಳದ ಬಗ್ಗೆ. ಇನ್ನು ಮಾತು ಬೇಡ, ಓಡಾಡಿಸಿ. ಅವರು ಮನೆಯಿಂದ ಕೆಲಸ ಮಾಡುವ ದಿನ, ಮಂಗಳವಾರವೋ ಬುಧವಾರವೋ, ಬೆಳಗ್ಗೆ 8.05ಕ್ಕೆ ಆ ಅಪಾರ್ಟ್‌ಮೆಂಟಿನ ಗೇಟಿನಿಂದ ಹೊರಟು ನಿಮ್ಮ ಬ್ಯಾಂಕಿನ ಬಾಗಿಲಿಗೆ ಬರಲಿ. ಸಂಜೆ ಆರಕ್ಕೆ ನೀವೂ ಜೊತೆಗೂಡಿ ವಾಪಸ್ ಹೋಗಿ. ಬೊಮ್ಮಸಂದ್ರದಲ್ಲಿ ಇಳಿದು ಆಟೋ ಕೇಳುವವರು ನೀವಾಗಿರಲಿ, ಅವರು ನಾಲ್ಕು ಹೆಜ್ಜೆ ಹಿಂದೆ ನಿಲ್ಲಲಿ. ಒಬ್ಬ ಹೆಂಗಸಿಗೆ ಕತ್ತಲಾದ ಮೇಲೆ ಹೇಳುವ ರೇಟು, ಬೀದಿದೀಪ, ನಾಯಿ, ಗೇಟಿನವರೆಗಿನ ರಸ್ತೆ ಎಲ್ಲವನ್ನೂ ಅವರೇ ನೋಡಲಿ. ಮಾರನೇ ವಾರ ಅದೇ ರೀತಿ ನೀವು ಆರ್.ವಿ. ರಸ್ತೆಯಿಂದ ಅವರ ಆಫೀಸಿನವರೆಗೆ ಹೋಗಿಬನ್ನಿ, ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣದಿಂದ ಅವರ ಕಂಪನಿ ಗೇಟಿಗೆ ಬಿಸಿಲಲ್ಲಿ ಎಷ್ಟು ದೂರ ಅನ್ನುವುದು ನಿಮಗೂ ಗೊತ್ತಾಗಲಿ. ಏಪ್ರಿಲ್ ಕೊನೆಗೆ ಇನ್ನೂ ದಿನಗಳಿವೆ. ಎರಡೂ ಸಲ ಹೊರಟ ಸಮಯ, ತಲುಪಿದ ಸಮಯ ಬರೆದಿಟ್ಟುಕೊಂಡು, ಅತ್ತೆಯನ್ನೂ ಕೂರಿಸಿಕೊಂಡು ಲೆಕ್ಕ ತೆಗೆಯಿರಿ. ಮೆಟ್ಟಿಲು ಅಳೆಯಲು ಟೇಪ್ ಮರೆಯಬೇಡಿ.